ಮೂರನೆಯ ರೈಫಲ್

ಬೋಲ್ಟು ಮುಚ್ಚಲಿಲ್ಲ.

ಕಜೆಟನ್ ಖಾಲಿ ಕಾಡತೂಸನ್ನು ಹೊರತೆಗೆದು ಎರಡನೆಯ ರೈಫಲಿಗೆ ಹಾಕಿದ. ಹಿಡಿಯನ್ನು ಕೆಳಕ್ಕೆ ಒತ್ತಿದ. ಅರ್ಧಕ್ಕೇ ಸಿಕ್ಕಿಕೊಂಡಿತು.

"ಇದೂ ಅಲ್ಲ," ಎಂದ.

ಅವನ ಕುತ್ತಿಗೆಯಲ್ಲಿ ಬೆವರಿಳಿಯುತ್ತಿತ್ತು. ೨೦೦೬ರ ಜನವರಿ. ಕುವೈತಿನ ಜಹ್ರಾದಾಚೆಯ ಮರುಭೂಮಿಯಲ್ಲಿ ಬೆಳಗಿನ ಗಾಳಿಗೆ ಸ್ವೆಟರೂ ಸಾಲುತ್ತಿರಲಿಲ್ಲ.

ಮೇಜಿನ ಆಚೆ ಅಬು ಮಿಶಾರಿ ಕೈಕಟ್ಟಿ ನಿಂತಿದ್ದ. ಈ ಖಾಸಗಿ ಶೂಟಿಂಗ್ ರೇಂಜ್ ಅವನದು. ಆಯುಧ ನೋಡಿಕೊಳ್ಳುವ ಕಜೆಟನ್‌ಗೂ, ಬಾಗಿಲ ಬಳಿ ನಿಂತಿದ್ದ ಚಹಾ ಕೊಡುವ ಅಝರುದ್ದೀನನಿಗೂ ಅವನೇ ಕಫೀಲ್, ವೀಸಾ ಕೊಟ್ಟು ಕರೆಸಿಕೊಂಡ ಯಜಮಾನ. ಶುಕ್ರವಾರ ಬೆಳಿಗ್ಗೆ ರೇಂಜಿನ ಬೇಲಿಯಾಚೆ ಪಕ್ಕದವರ ಬಿಳಿ ಒಂಟೆ ಗುಂಡು ತಗಲಿ ಸತ್ತಿತ್ತು. ತುಂಬಿದ ಗಬ್ಬ. ಅದನ್ನು ಮೇಯಿಸುತ್ತಿದ್ದ ಸುಡಾನಿನ ಮುದುಕನಿಗೆ ಮರುದಿನ ಮರಳುದಿನ್ನೆಯ ಮೇಲೆ ಈ ಕಾಡತೂಸು ಸಿಕ್ಕಿತ್ತು. ಹಾರಿಸಿದವನನ್ನು ಇವತ್ತೇ ಪೊಲೀಸರಿಗೆ ಒಪ್ಪಿಸಬೇಕೆಂದು ಒಂಟೆಯ ಯಜಮಾನ ಹಟ ಹಿಡಿದು ಕೂತಿದ್ದ.

ಮೂರು ರೈಫಲುಗಳೂ ಒಂದೇ ಅಳತೆಯವು. ಆದರೆ ಹೊಸ ಹಿತ್ತಾಳೆ ಮೊದಲ ಸಲ ಬೆಂಕಿ ಕಂಡಾಗ ಉಬ್ಬುತ್ತದೆ. ತಾನು ಕೂತ ರೈಫಲಿನ ಒಳಮೈಯನ್ನೇ ಅಚ್ಚೊತ್ತಿಕೊಳ್ಳುತ್ತದೆ. ಕೂದಲೆಳೆಯಷ್ಟು ಬಿಗಿ ಇರುವ ಇನ್ನೊಂದು ರೈಫಲಿಗೆ ಆಮೇಲೆ ಹೋಗುವುದಿಲ್ಲ. ಹಾಗೆ ಹದಗೊಂಡ ಹಿತ್ತಾಳೆಗೆ ಮತ್ತೆ ಮದ್ದು, ಗುಂಡು ತುಂಬಿ ಅದೇ ರೈಫಲಿನಲ್ಲಿ ಹಾರಿಸಿದರೆ ಗುರಿ ತಪ್ಪುವುದು ಕಡಿಮೆ. ಆ ಹದ ಮಾಡುವುದೇ ಕಜೆಟನ್‌ನ ಕೆಲಸ. ಹತ್ತು ಹೆಜ್ಜೆ ದೂರದ ಮರಳುಗುಡ್ಡೆಗೆ ಸುಮ್ಮನೆ ಗುಂಡು ಹೊಡೆಯುತ್ತಾ ಹಿತ್ತಾಳೆ ಉಬ್ಬಿಸುವುದು, ಆಯ್ದು ಒರೆಸಿ ಡಬ್ಬಿಗೆ ತುಂಬುವುದು. ಸೈನ್ಯದಲ್ಲಿದ್ದಾಗ ಗುರಿಗಾರಿಕೆಗೆ ಎರಡು ಪದಕ ಪಡೆದವನು ಅವನು. ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾದರೂ ಒಂದು ಗುರಿಹಲಗೆಯ ಮುಂದೆ ನಿಂತದ್ದಿಲ್ಲ. ಹಲಗೆಗಳು ಅತಿಥಿಗಳಿಗೆ.

"ಮೂರನೆಯದು?" ಅಬು ಮಿಶಾರಿ ಕೇಳಿದ.

"ಅದು ಕಳೆದ ವಾರ ಬಂದದ್ದು. ನೋಡುವುದು ಬೇಡ."

"ಕೊಡು ಇಲ್ಲಿ."

ಅಬು ಮಿಶಾರಿ ತಾನೇ ಕಾಡತೂಸು ತೂರಿಸಿ ಹಿಡಿ ತಿರುಗಿಸಿದ. ಬೋಲ್ಟು ಸದ್ದಿಲ್ಲದೆ ಕೂತಿತು.

"ಇದನ್ನು ನಾನೇ ಇನ್ನೂ ಮುಟ್ಟಿಲ್ಲ," ಎಂದ ಅಬು ಮಿಶಾರಿ. "ಶುಕ್ರವಾರ ಕೋಣೆಯ ಕೀಲಿ ಯಾರ ಹತ್ತಿರ ಇತ್ತು?"

ಕಜೆಟನ್ ಮೇಜನ್ನೇ ನೋಡುತ್ತಿದ್ದ. ಪ್ರತಿ ಶುಕ್ರವಾರ ಅವನು ಕುವೈತ್ ಸಿಟಿಯ ಇಗರ್ಜಿಗೆ ಹೊರಡುವಾಗ ಆಯುಧದ ಕೋಣೆಯ ಕೀಲಿಯನ್ನು ಅಝರುದ್ದೀನನಿಗೆ ಕೊಡುವುದು ರೂಢಿ. ಕೇಳಿದ ಪ್ರಶ್ನೆಗೆ ಅವನು ಬಾಯಿ ತೆರೆಯುವ ಮೊದಲೇ ಉತ್ತರ ಬಂತು.

"ನನ್ನ ಹತ್ತಿರ," ಎಂದ ಅಝರುದ್ದೀನ್.

"ಖಲಾಸ್," ಎಂದು ಅಬು ಮಿಶಾರಿ ಫೋನ್ ಮಾಡಲು ಆಫೀಸಿಗೆ ನಡೆದ.

ಚಹಾ ಮಾಡುವ ಕೋಣೆಯಲ್ಲಿ ಅಝರುದ್ದೀನ್ ಎರಡು ಅಂಗಿ, ಒಂದು ಟವೆಲನ್ನು ಚೀಲಕ್ಕೆ ತುರುಕುತ್ತಿದ್ದ. ಕಜೆಟನ್ ಒಂದು ಅಂಗಿಯನ್ನು ತೆಗೆದುಕೊಂಡು ಮಡಚಿದ. ಸರಿಯಾಗಲಿಲ್ಲವೆಂದು ಬಿಡಿಸಿ ಮತ್ತೆ ಮಡಚಿದ.

"ಕಜೆಟನಣ್ಣ, ನಾನು ಆ ಬಾಗಿಲು ತೆಗೆದದ್ದೇ ಇಲ್ಲ. ದೇವರಾಣೆ."

"ಗೊತ್ತುಂಟು."

"ಬರುವ ತಿಂಗಳು ಜೈನಬಾ ಮಗಳನ್ನು ಕರೆದುಕೊಂಡು ಬರುವವಳು. ವೀಸಾ ಸಹ ಆಗಿದೆ. ನುಹಾಳಿಗೆ ಫರ್ವಾನಿಯಾದಲ್ಲಿ ಶಾಲೆ ನೋಡಿ ಇಟ್ಟಿದ್ದೇನೆ. ಈಗ ಮಗಳಿಗೆ ಎಂತ ಹೇಳುವುದು? ಅಪ್ಪ ಜೈಲಲ್ಲಿದ್ದಾನೆ ಅಂತವಾ?"

ಕಜೆಟನ್ ಮಡಚಿದ ಅಂಗಿಯನ್ನು ಚೀಲಕ್ಕಿಟ್ಟ. ಅಝರುದ್ದೀನ್ ಅವನ ಎರಡೂ ಕೈ ಹಿಡಿದುಕೊಂಡ.

"ನೀವೊಬ್ಬರೇ ನನ್ನನ್ನು ನಂಬಿದ್ದು. ಅಷ್ಟು ಸಾಕು ನನಗೆ."

ಕಜೆಟನ್‌ನ ಮುಖಕ್ಕೆ ರಕ್ತ ನುಗ್ಗಿತು. ಊರಿನವನು, ಉಳ್ಳಾಲದವನು, ಜ್ವರ ಬಂದಾಗ ಗಂಜಿ ಮಾಡಿ ಕೊಟ್ಟವನು. ಅವನನ್ನು ಸಿಕ್ಕಿಸಿ ಹಾಕಿದ್ದು ತನ್ನ ಕೈಯ ವಿದ್ಯೆ. ಆ ಹಿಡಿತದಿಂದ ಕೈ ಬಿಡಿಸಿಕೊಳ್ಳಲೂ ಆಗಲಿಲ್ಲ, ಹಾಗೇ ಬಿಡಲೂ ಆಗಲಿಲ್ಲ. ಗೋಡೆಯ ಕನ್ನಡಿಯಲ್ಲಿ ತನ್ನ ಮುಖ ಕಂಡಿತು. ಪಕ್ಕಕ್ಕೆ ಸರಿದು ನಿಂತ.

ಹೊರಗೆ ಧೂಳೆದ್ದಿತು. ಪೊಲೀಸ್ ಜೀಪು ಗೇಟಿನೊಳಗೆ ಬಂದು ನಿಂತಿತು.

ಕಜೆಟನ್ ಆಫೀಸಿನ ಬಾಗಿಲು ತಟ್ಟದೆಯೇ ಒಳಹೊಕ್ಕ.

"ಅವನಲ್ಲ, ಅಬು ಮಿಶಾರಿ."

ಅಬು ಮಿಶಾರಿಗೆ ಸಿಟ್ಟು ಬರಲಿಲ್ಲ. "ನಿನ್ನ ಊರಿನವನು. ನಿನಗೆ ಕರುಣೆ ಬರುವುದು ಸಹಜ. ಆದರೆ ಹಿತ್ತಾಳೆ ಸುಳ್ಳು ಹೇಳುವುದಿಲ್ಲ ಅಂತ ನನಗೆ ಕಲಿಸಿದ್ದು ನೀನೇ ಅಲ್ಲವೇ?"

"ಯಾವ ರೈಫಲ್ ಅಂತ ಮಾತ್ರ ಅದು ಹೇಳುತ್ತದೆ. ಯಾರ ಕೈ ಅಂತ ಹೇಳುವುದಿಲ್ಲ."

"ಸರಿ, ಅವನ ಕೈ ಅಲ್ಲ ಅಂತ ನಿನಗೆ ಹೇಗೆ ಗೊತ್ತು? ನೀನು ಇಲ್ಲಿ ಇರಲೇ ಇಲ್ಲ. ಇಗರ್ಜಿಯಲ್ಲಿದ್ದೆ."

ಕಿಟಕಿಯಾಚೆ ಅಝರುದ್ದೀನ್ ಚೀಲ ಹಿಡಿದು ಜೀಪಿನತ್ತ ನಡೆಯುತ್ತಿದ್ದ. ಇಬ್ಬರು ಪೊಲೀಸರ ನಡುವಿನಿಂದ ಹಿಂದಿರುಗಿ ನೋಡಿ, ಕಜೆಟನ್ ಕಂಡದ್ದೇ ಕೈ ಎತ್ತಿದ. ಬರ್ತೇನೆ ಎನ್ನುವಂತೆ.

"ಹೋಗಿರಲಿಲ್ಲ," ಎಂದ ಕಜೆಟನ್. "ಕೀಲಿ ಕೊಡುವ ಮೊದಲೇ ರೈಫಲನ್ನು ಹೊರಗೆ ತೆಗೆದಿಟ್ಟಿದ್ದೆ. ಆಚೆ ಒಂಟೆ ಮೇಯುತ್ತಿದ್ದದ್ದು ನನಗೆ ಕಾಣಲಿಲ್ಲ. ಒಂದೇ ಒಂದು ಸಲ, ದೂರದ ಕಲ್ಲೊಂದಕ್ಕೆ ಗುರಿಯಿಟ್ಟು ಹೊಡೆಯಬೇಕು ಅಂತ ಆಸೆಯಾಗಿತ್ತು."