ಧಾರೆಯ ಹಿಂದಿನ ರಾತ್ರಿ

ನಡುರಾತ್ರಿ ಬಚ್ಚಲಲ್ಲಿ ಚೊಂಬಿನ ಸದ್ದಾಯಿತು. ಅತ್ತಿಗೆ ತಲೆಗೆ ನೀರು ಹಾಕಿಕೊಂಡು ಹೊರಬಂದಳು.

“ಈ ಹೊತ್ತಲ್ಲಿ ಸ್ನಾನವಾ ಅತ್ತಿಗೆ?” ಮದುಮಗಳು ಕೇಳಿದಳು.

“ಸೆಕೆ. ನೀನು ಮಲ್ಕೋ.”

ಸೂತಕದಿಂದ ಒಮ್ಮೆ ನಿಂತಿದ್ದ ಮದುವೆ ಅದು. ಮತ್ತೆ ನಿಂತರೆ ಸಂಬಂಧವೇ ಬೇಡ ಎಂದಿದ್ದರು ಗಂಡಿನವರು. ತಂದೆಯಿಲ್ಲದ ಹುಡುಗಿಗೆ ಅಣ್ಣ ಅತ್ತಿಗೆಯೇ ಧಾರೆ ಎರೆಯಬೇಕಿತ್ತು.

ಮಂಟಪದಲ್ಲಿ ಅಮ್ಮ ಸೊಸೆಯನ್ನು ತಿವಿದಳು. “ಮೂಗಿ ಸೊಸೆ ಅಂತಾರೆ ಜನ. ಫೋಟೋಕ್ಕಾದರೂ ನಗಬಾರದೇನೇ?”

ಅತ್ತಿಗೆ ನಕ್ಕಳು. ತಾಳಿ ಕಟ್ಟಿದ ಮೇಲೆ ಊಟಕ್ಕೂ ನಿಲ್ಲದೆ ತವರಿಗೆ ಹೊರಟಳು.

“ನೋಡಿದ್ಯಾ ಸೊಕ್ಕು!” ಎಂದಳು ಅಮ್ಮ.

ಸ್ವಲ್ಪ ಹೊತ್ತಿಗೆ ಅತ್ತಿಗೆಯ ತಮ್ಮ ಮದುಮಗಳಿಗೆ ಫೋನು ಮಾಡಿದ. “ಅಕ್ಕ ಹೊರಟಳಾ? ಅಮ್ಮ ಹೋಗಿದ್ದು ರಾತ್ರಿಯೇ ತಿಳಿಸಿದ್ದೆ. ಅವಳು ಬರೋ ತನಕ ಹೆಣ ಎತ್ತಲ್ಲ.”

“ಯಾರದೇ ಫೋನು?” ಅಮ್ಮ ಕೇಳಿದಳು.

“ಗೆಳತೀದು,” ಎಂದ ಮದುಮಗಳು, ಅತ್ತಿಗೆಗೆ ರಾತ್ರಿಯೇ ಗೊತ್ತಿತ್ತೆಂದು ಯಾರಿಗೂ, ಎಂದಿಗೂ ಹೇಳಬಾರದೆಂದು ನಿಶ್ಚಯಿಸಿದಳು.