ಜುಲೈ ತಿಂಗಳ ಪೆದ್ದರು

“ಆಗಲೇ ಹೇಳಿದ್ನಲ್ಲ, ಆ ಐದು ಪದ ಈಗ ತಿರುಗಿ ಹೇಳು ನೋಡೋಣ,” ಎಂದ ಡುಡೆಕ್.

“ಯಾವ ಪದ?” ಎಂದ ಥೆರನ್. “ನೀನಿನ್ನೂ ಹೇಳೇ ಇಲ್ವಲ್ಲ ಮುದುಕಾ.”

ಡುಡೆಕ್ ತೊಡೆ ತಟ್ಟಿಕೊಂಡು ನಕ್ಕ. ಥೆರನ್‌ನ ತಂಡದ ಆಟಗಾರರ ಮೊಣಕಾಲು, ಭುಜ, ತಲೆ ನೋಡಿಕೊಳ್ಳುತ್ತಲೇ ಅವನ ಕೂದಲು ಬೆಳ್ಳಗಾಗಿತ್ತು. ಆದರೂ ಇಂಥ ಉತ್ತರ ಅವನು ಕೇಳಿರಲಿಲ್ಲ. “ಭಲೇ! ಮರೆತುಹೋಯ್ತು ಅನ್ನೋರನ್ನ ನೋಡಿದೀನಿ, ಒಂದರ ಬದಲು ಇನ್ನೊಂದು ಹೇಳೋರನ್ನ ನೋಡಿದೀನಿ. ಹೇಳೇ ಇಲ್ಲ ಅಂತ ನನ್ನ ಮೇಲೇ ಗೂಬೆ ಕೂರಿಸೋನು ನೀನೊಬ್ಬನೇ ಕಣೋ!”

ಜುಲೈ ತಿಂಗಳಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರರೆಲ್ಲ ಪೆದ್ದರಾಗುತ್ತಾರೆ. ಅದು ಆ ಕಸುಬಿನ ವಾಡಿಕೆ. ಪಂದ್ಯಗಳು ಶುರುವಾಗುವ ಮೊದಲು, ತಲೆ ನೆಟ್ಟಗಿರುವಾಗ, ಒಂದು ಪರೀಕ್ಷೆ. ಮುಂದೆ ಆಟದಲ್ಲಿ ತಲೆಗೆ ಪೆಟ್ಟು ಬಿದ್ದರೆ ಮತ್ತೆ ಅದೇ ಪರೀಕ್ಷೆ. ಎರಡು ಸಲವೂ ಒಂದೇ ಥರ ಉತ್ತರ ಬಂದರೆ ಮತ್ತೆ ಮೈದಾನಕ್ಕೆ, ಇಲ್ಲವಾದರೆ ಬೆಂಚಿಗೆ. ಬೆಂಚಿನ ಮೇಲೆ ಕೂತವನ ಜಾಗಕ್ಕೆ ಮರುವಾರವೇ ಇನ್ನೊಬ್ಬ ಬಂದಿರುತ್ತಾನೆ. ಆದ್ದರಿಂದ ಜಾಣರೆಲ್ಲ ಜುಲೈನಲ್ಲೇ ಬೇಕೆಂದು ತಪ್ಪು ಹೇಳಿ, ತಮ್ಮ ಬುದ್ಧಿ ಇರುವುದೇ ಇಷ್ಟು ಎಂದು ಒಪ್ಪಿಸಿಬಿಡುತ್ತಾರೆ. ಇದು ಡುಡೆಕ್‌ಗೂ ಗೊತ್ತು, ತಂಡದ ದೊಡ್ಡವರಿಗೂ ಗೊತ್ತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಇನ್ನು ಕೇಳುವವರು ಯಾರು?

ಥೆರನ್ ಗಿಲ್ಯಮ್ ಲೈನ್‌ಬ್ಯಾಕರ್. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ನುಗ್ಗಿಬರುವವನಿಗೆ ಎದುರೆದುರೇ ಡಿಕ್ಕಿ ಹೊಡೆದು ಕೆಡಹುವುದು ಅವನ ಕೆಲಸ. ಬೇರೆ ಕೆಲಸ ಅವನು ಕಲಿತಿರಲಿಲ್ಲ, ಕಲಿಯಬೇಕೆಂದು ಅನಿಸಿಯೂ ಇರಲಿಲ್ಲ. ಪ್ರತಿ ಜುಲೈನಲ್ಲೂ ಅವನು ಎಲ್ಲರಿಗಿಂತ ಚೆನ್ನಾಗಿ ಪೆದ್ದನಾಗುತ್ತಿದ್ದ. ಈ ಸಲ ಮಾತ್ರ ಹೆಂಡತಿಗೆ ಮಾತು ಕೊಟ್ಟಿದ್ದ. ಮೇ ತಿಂಗಳ ಒಂದು ಮಧ್ಯಾಹ್ನ ಕಾರಿಗೆ ಪೆಟ್ರೋಲ್ ಹಾಕಿಸಿಕೊಂಡು ಬಂದವನು ತನ್ನದೇ ಮನೆಯ ಗಂಟೆ ಒತ್ತಿ, ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಬಾಗಿಲು ತೆರೆದ ಹೆಂಡತಿ ಯೊಲಾಂಡಳಿಗೆ, “ತೊಂದರೆ ಕೊಟ್ಟೆ, ಕ್ಷಮಿಸಿ ಮೇಡಂ. ಇಲ್ಲಿ ಗಿಲ್ಯಮ್ ಅವರ ಮನೆ ಯಾವುದು?” ಎಂದಿದ್ದ. ತಮಾಷೆಯೆಂದು ಅವಳು ನಕ್ಕಳು. ಅವನು ನಗಲಿಲ್ಲ.

“ಈ ಸಲ ಕಳ್ಳಾಟ ಬೇಡ,” ಎಂದು ಇವತ್ತು ಬೆಳಿಗ್ಗೆ ತಂಡದ ತರಬೇತಿ ಶಿಬಿರದ ಗೇಟಿನ ಹತ್ತಿರ ಕಾರು ನಿಲ್ಲಿಸಿ ಅವಳು ಹೇಳಿದ್ದಳು. “ಗೊತ್ತಿರೋದೆಲ್ಲ ನೆಟ್ಟಗೆ ಹೇಳು. ಚೆನ್ನಾಗಿ ಬಂದ್ರೆ ಇನ್ನೊಂದು ವರ್ಷ ಆಡು, ನಾನು ತುಟಿ ಪಿಟಕ್ಕೆನ್ನಲ್ಲ. ಇಲ್ಲಾಂದ್ರೆ ಇವತ್ತೇ ಬ್ಯಾಗ್ ಎತ್ಕೊಂಡು ಬಾ. ನಾನಿಲ್ಲೇ ಇರ್ತೀನಿ.”

“ಆಗ್ಲಿ ಕಣೇ,” ಎಂದಿದ್ದ ಅವನು, ಇಳಿಯುತ್ತಾ. “ನಾನೇನು ನಿಜವಾಗ್ಲೂ ಪೆದ್ದನಾ?”

ಅದಕ್ಕೇ ಅವನು ಈಗ ಪ್ರಾಮಾಣಿಕವಾಗಿ ಹುಡುಕುತ್ತಿದ್ದ. ಕೋಣೆಗೆ ಬಂದದ್ದು ನೆನಪಿತ್ತು. ಕುರ್ಚಿಯ ತಣ್ಣನೆಯ ಚರ್ಮ, ನೋವಿನ ಮುಲಾಮಿನ ವಾಸನೆ, ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಂತದ್ದು, ನಡುವೆ ಡುಡೆಕ್ ತೆಗೆದ ತನ್ನ ಮಗಳ ಮದುವೆಯ ಮಾತು, ಎಲ್ಲವೂ ಇತ್ತು. ಪದಗಳು ಮಾತ್ರ ಇರಲಿಲ್ಲ. ಮರೆತಿದ್ದರೆ ಒಂದಾದರೂ ನಾಲಿಗೆಯ ತುದಿಗೆ ಬಂದು ಕಾಡಬೇಕಿತ್ತು. ಹಲ್ಲು ಬಿದ್ದರೆ ಅದರ ಜಾಗವಾದರೂ ನಾಲಿಗೆಗೆ ಸಿಗುತ್ತದೆ. ಇಲ್ಲಿ ಸಂದೂ ಇರಲಿಲ್ಲ. ಹಾಗಾದರೆ ತನಗೆ ಗೊತ್ತಾಗದೆ ಇನ್ನೂ ಏನೇನು ಹೋಗಿದೆಯೋ ಎಂದು ಅವನಿಗೆ ಹೊಳೆಯಿತು. ಆನೆಯಂಥ ಆಳುಗಳು ಎದುರು ನುಗ್ಗಿಬಂದಾಗಲೂ ಆಗದ ಭಯ ಈಗ ಆಯಿತು.

“ಡುಡೆಕ್, ನಾನು ನಾಟಕ ಆಡ್ತಿಲ್ಲ.”

“ಯಾರಂದ್ರಪ್ಪ ಹಾಗಂತ?” ಡುಡೆಕ್ ಕಣ್ಣು ಹೊಡೆದ. “ಈ ಕೋಣೇಲಿ ಇವತ್ತಿನವರೆಗೂ ಯಾರೂ ನಾಟಕ ಆಡಿಲ್ಲ.”

“ದೇವರಾಣೆ. ನೀನು ಪದ ಹೇಳಿದ್ದು ನಂಗೆ ಗೊತ್ತೇ ಇಲ್ಲ.”

“ಅಯ್ಯೋ ದೊರೆ, ಇಷ್ಟು ಅತಿಯಾದ್ರೆ ಯಾರೂ ನಂಬಲ್ಲ. ಬೇಕಂತ ಮಾಡಿದಾನೆ ಅಂತ ಮೇಲಿನವರು ಈ ರಿಪೋರ್ಟ್ ವಾಪಸ್ ಕಳಿಸ್ತಾರೆ, ಆಮೇಲೆ ನಿಂಗೂ ತಲೆನೋವು, ನಂಗೂ ತಲೆನೋವು. ಎರಡಾದ್ರೂ ಸರಿಯಾಗಿ ಹೇಳು, ಮಿಕ್ಕಿದ್ದು ಎಂದಿನ ಹಾಗೆ ಕೆಡಿಸು. ಇನ್ನೊಂದ್ಸಲ ಹೇಳ್ತೀನಿ, ಕೇಳಿಸ್ಕೋ.”

ಥೆರನ್ ಎರಡೂ ಕೈಗಳನ್ನು ಮೇಜಿನ ಮೇಲೆ ಊರಿ ಮುಂದೆ ಬಾಗಿದ. ಚೆಂಡು ಯಾವ ಕಡೆ ಹೋಗುತ್ತದೆಂದು ಎದುರಾಳಿಯ ಕಣ್ಣು ನೋಡಿಯೇ ಹೇಳಬಲ್ಲವನೆಂದು ಅವನಿಗೆ ಹೆಸರಿತ್ತು. ಹಾಗೆಯೇ ಈಗ ಡುಡೆಕ್‌ನ ತುಟಿಗಳನ್ನು ನೋಡಿದ. ಒಂದನ್ನೂ ಬಿಡಬಾರದು, ಹೊರಗೆ ಯೊಲಾಂಡ ಕಾಯುತ್ತಿದ್ದಾಳೆ.

“ಸುತ್ತಿಗೆ,” ಎಂದ ಡುಡೆಕ್, ಚಿಕ್ಕ ಮಕ್ಕಳಿಗೆ ಹೇಳುವಂತೆ ಬಿಡಿಸಿ ಬಿಡಿಸಿ. “ಜೇನು. ಕಿಟಕಿ. ಕುದುರೆ. ಉಪ್ಪು.”

ಹೇಳಿ ಮುಗಿಸಿ, ನಗು ತಡೆದುಕೊಂಡು ಕಾದ. ಥೆರನ್ ಕೂಡ ಕಾದ. ಗೋಡೆಯಾಚೆ ಯಾರೋ ತೂಕದ ಕಬ್ಬಿಣವನ್ನು ದಡ್ಡೆಂದು ಕೆಳಗಿಳಿಸಿದರು. ಥೆರನ್ ಆ ತುಟಿಗಳಿಂದ ಕಣ್ಣು ಕೀಳಲಿಲ್ಲ. ಮುದುಕನ ಮುಖದಲ್ಲಿದ್ದ ನಗು ನಿಧಾನವಾಗಿ ಇಂಗಿಹೋಯಿತು.

“ಹೂಂ, ಶುರು ಮಾಡು ಮುದುಕಾ,” ಎಂದ ಥೆರನ್. “ನಾನು ರೆಡಿ.”