ಅಮ್ಮನ ಕೊನೆಯ ಮಾತು

ಆ ಭಾನುವಾರ ಚರ್ಚಿನ ಪ್ರಸಂಗದ ವಿಷಯ ‘ವಾಟ್ಸಾಪ್ ಕಾಲದಲ್ಲಿ ಸತ್ಯ’. ನಿಜವೋ ಸುಳ್ಳೋ ನೋಡದೆ ಫಾರ್ವರ್ಡ್ ಮಾಡುವವರಿಗೆ ನರಕ ಎಷ್ಟು ಹತ್ತಿರವೆಂದು ಪಾಸ್ಟರು ಮುಕ್ಕಾಲು ಗಂಟೆ ವಿವರಿಸಿದರು. ಕೊನೆಗೆ ಕೀಬೋರ್ಡಿನವನು ಮೆಲ್ಲಗೆ ನುಡಿಸತೊಡಗಿದಾಗ ದನಿ ತಗ್ಗಿಸಿದರು.

“ನಮ್ಮಮ್ಮ ತೀರ್ಕೊಂಡಾಗ ನನಗೆ ಒಂಬತ್ತು ವರ್ಷ. ನನ್ನ ಕೈ ಹಿಡ್ಕೊಂಡು, ‘ಮಗನೇ, ಸುಳ್ಳು ಮಾತ್ರ ಹೇಳ್ಬೇಡ’ ಅಂದ್ರು. ಅದೇ ಅವರ ಕೊನೇ ಮಾತು.”

ಇಡೀ ಸಭೆ ಬಿಕ್ಕಿಬಿಕ್ಕಿ ಅತ್ತಿತು. ಹಿಂದಿನ ಸಾಲಿನಲ್ಲಿ, ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದ ಅಪರಿಚಿತ ಮುದುಕಿ ಮಾತ್ರ ಅಳಲಿಲ್ಲ. ಪಕ್ಕದಲ್ಲಿದ್ದ ಸಲೋಮಿಯಮ್ಮನಿಗೆ ತಡೆಯಲಾಗಲಿಲ್ಲ.

“ಏನಜ್ಜಿ, ಇಷ್ಟು ಕೇಳಿದ್ರೂ ನಿಮ್ಮ ಮನಸ್ಸು ಕರಗ್ಲಿಲ್ವಾ?”

“ಚೆನ್ನಾಗೇ ಹೇಳ್ದ ಕಣಮ್ಮ. ಆದ್ರೆ ಅವನ ಅಮ್ಮ ನಾನೇ. ಬೆಳಿಗ್ಗೆ ಬಸ್ಸಿಗೆ ಬಂದೆ, ಅವನಿಗಿನ್ನೂ ಗೊತ್ತಿಲ್ಲ.”

“ಹೆತ್ತ ತಾಯೀನಾ?”

“ಹ್ಞೂಂ. ಅವನಿಗಿರೋಳು ನಾನೊಬ್ಳೇ.”

ಸಲೋಮಿಯಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಪಾಸ್ಟರಂತೂ ಸುಳ್ಳು ಹೇಳುವವರಲ್ಲ. ಈ ಅಜ್ಜಿಯೂ ಹಾಗೆ ಕಾಣುವುದಿಲ್ಲ. ಹಾಗಾದರೆ ಉಳಿದದ್ದು ಒಂದೇ. ಅಜ್ಜಿಯ ರಟ್ಟೆ ಹಿಡಿದು ವೇದಿಕೆಗೆ ಎಳೆದೊಯ್ದು, ಮೈಕು ಕಿತ್ತುಕೊಂಡು ಕೂಗಿದರು:

“ದೇವರಿಗೆ ಸ್ತೋತ್ರ! ಪಾಸ್ಟರ ತಾಯಿ ಸತ್ತವರೊಳಗಿಂದ ಎದ್ದು ಬಂದಿದಾರೆ!”

ಪಾಸ್ಟರು ಅಮ್ಮನ ಮುಖ ನೋಡಿದರು. ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ ಸಭೆಯನ್ನು ನೋಡಿದರು. ಆಮೇಲೆ ಎರಡೂ ಕೈ ಮೇಲೆತ್ತಿದರು.

“ಹಲ್ಲೆಲೂಯ! ಎಲ್ಲಾ ಗ್ರೂಪಿಗೂ ಫಾರ್ವರ್ಡ್ ಮಾಡಿ!”